ಕೋಸಿನೊಳಗೆ ಅಮ್ಮ ಕಂಡ ಎಳೆಗಳು

ಜೂನ್ ೯

ಗಾಳಿ, ಮೋಡ, ಮಂಜುಗಳ ಒಡತಿಯೂ ನಮ್ಮ ಮನೆಯ ಹಿರಿಯ ಸಂತಾನವೂ ಆದ ಅಕ್ಕನ ಸನ್ನಿಧಾನಕ್ಕೆ, ಕಿರಿಯ ಸಂತಾನವು ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ನನಗೆ ಕೆಲಸ ಸಿಕ್ಕಿದೆ. ನಗಬೇಡ. ಕೆಲಸ ಕೊಟ್ಟವಳು ಅಮ್ಮ. ಅದಕ್ಕೂ ನಗಬೇಡ. ಅವಳ ಪ್ರಯೋಗಾಲಯದಲ್ಲಿ ಮಿದುಳನ್ನು ತೆಳ್ಳಗೆ ಕತ್ತರಿಸಿ ಗಾಜಿನ ಪಟ್ಟಿಗೆ ಅಂಟಿಸುತ್ತಿದ್ದ ಹುಡುಗಿ ಬೇರೆ ಕಡೆ ಹೋದಳು. ಅಮ್ಮನ ಪುಸ್ತಕ ಮುಗಿಯುವ ತನಕ ಆ ಸ್ಟೂಲನ್ನು ನಾನು ಅಲಂಕರಿಸಿದ್ದೇನೆ. ಸ್ಟೂಲಿನ ಒಂದು ಕಾಲು ಗಿಡ್ಡ. ಸಿಂಹಾಸನ ಅಂದಮೇಲೆ ಸ್ವಲ್ಪ ಅಲುಗಾಡುವುದು ಸಹಜ.

ಕತ್ತರಿಸುವುದು ಕೋತಿಯ ಮಿದುಳನ್ನು. ಅಮ್ಮ ಆ ಕೋತಿಗಳ ಮೇಲೆ ಕೆಲಸ ಮಾಡಿದ್ದು ನಾನು ಹುಟ್ಟುವ ಮೊದಲು. ಉಳಿದ ಭಾಗಗಳು ಫ್ರೀಜರಿನಲ್ಲಿವೆ. ಈಗ ಹೊಸದಾಗಿ ಯಾವ ಕೋತಿಯನ್ನೂ ಇಲ್ಲಿ ಗೋಳು ಹುಯ್ದುಕೊಳ್ಳುವುದಿಲ್ಲ, ನನ್ನನ್ನು ಬಿಟ್ಟರೆ. ತಲೆಯ ಹಿಂಭಾಗದಲ್ಲಿ ನೀನು ನನಗೆ ಮೊಟಕುತ್ತಿದ್ದೆಯಲ್ಲ, ಸರಿಯಾಗಿ ಅಲ್ಲೇ ಕಣ್ಣಿನ ಸುದ್ದಿ ಮೊದಲು ಬಂದು ಇಳಿಯುವುದಂತೆ. ಅಮ್ಮ ಅದನ್ನು ಮೊದಲ ಅಂಗಳ ಅನ್ನುತ್ತಾಳೆ. ಅದಕ್ಕೆ ತಾಗಿಕೊಂಡಿರುವುದು ಎರಡನೇ ಅಂಗಳ. ಬಣ್ಣ ಹಾಕಿ ನೋಡಿದರೆ ಮೊದಲನೆಯದರಲ್ಲಿ ಚುಕ್ಕೆ ಚುಕ್ಕೆ, ಎರಡನೆಯದರಲ್ಲಿ ಪಟ್ಟೆ ಪಟ್ಟೆ. ಎರಡರ ನಡುವೆ ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳು.

"ಇಲ್ಲಿಂದ ಅಲ್ಲಿಗೆ ಎಳೆ ಹೋಗೋದು ಎಲ್ಲರಿಗೂ ಗೊತ್ತು," ಅಂದಳು ಅಮ್ಮ. ನನಗೆ ಗೊತ್ತಿರಲಿಲ್ಲ, ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ. "ಅಲ್ಲಿಂದ ಇಲ್ಲಿಗೆ ವಾಪಸ್ ಬರೋವೂ ಬೇಕಾದಷ್ಟಿವೆ. ನನಗೆ ಬೇಕಾಗಿರೋದು ಅವು."

"ಅವು ಯಾಕಮ್ಮ ವಾಪಸ್ ಬರ್ತವೆ? ಏನಾದ್ರೂ ಮರೆತು ಹೋಗಿರ್ತವಾ?"

"ತಿದ್ದೋಕೆ ಬರ್ತವೆ. ಕಣ್ಣು ಹೇಳಿದ್ದನ್ನೆಲ್ಲ ತಲೆ ಸುಮ್ಮನೆ ಒಪ್ಪಲ್ಲ ಕಣೋ. ನೀನು ಹೇಳಿದ್ದನ್ನ ನಾನು ಒಪ್ತೀನಾ? ಹಾಗೆ."

ವಾಪಸ್ ಬರುವ ಎಳೆ ತಾನು ಸುದ್ದಿ ಪಡೆದ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ, ಬೀದಿಯೆಲ್ಲ ಅಲೆಯುವುದಿಲ್ಲ ಎನ್ನುವುದು ಅಮ್ಮನ ವಾದ. ಅಲೆಯುತ್ತದೆ ಅನ್ನುವವರೂ ಇದ್ದಾರಂತೆ. ಅವರ ಹೆಸರೆತ್ತಿದರೆ ಅಮ್ಮ ಪೆನ್ಸಿಲ್ ಚೂಪು ಮಾಡಲು ಶುರುಮಾಡುತ್ತಾಳೆ. ಪುಸ್ತಕದ ತುಂಬ ಅವಳು ಕೈಯಾರೆ ಬರೆದ ಎಳೆಗಳ ಚಿತ್ರಗಳೇ. ಸೂಕ್ಷ್ಮದರ್ಶಕದ ಪಕ್ಕದಲ್ಲಿ ಕನ್ನಡಿಯ ಕೊಳವೆಯೊಂದಿದೆ. ಅದರಲ್ಲಿ ಕಣ್ಣಿಟ್ಟರೆ ಗಾಜಿನ ಪಟ್ಟಿಯೂ ಕಾಣುತ್ತದೆ, ಕಾಗದದ ಮೇಲಿನ ಪೆನ್ಸಿಲ್ಲೂ ಕಾಣುತ್ತದೆ, ಒಂದರ ಮೇಲೊಂದು. ಎಳೆಯ ಮೇಲೆ ಪೆನ್ಸಿಲ್ ಓಡಿಸುತ್ತಾ ಹೋಗುವುದು. ಸೆಪ್ಟೆಂಬರಿನಲ್ಲಿ ಎಲ್ಲವೂ ಪ್ರಕಾಶಕರ ಕೈಗೆ.

ಇಷ್ಟೆಲ್ಲ ಪೀಠಿಕೆ ಹಾಕಿದ್ದಕ್ಕೆ ಕಾರಣವಿದೆ. ಮನೆ ಬಹಳ ಗಂಭೀರವಾಗಿದೆ ಅಕ್ಕ. ಆದ್ದರಿಂದ ಈ ಸೇವಕನು ಒಂದು ಮಹತ್ಕಾರ್ಯವನ್ನು ಸಂಕಲ್ಪಿಸಿದ್ದಾನೆ. ಎಲೆಕೋಸಿನ ಬಿಳಿ ದಿಂಡನ್ನು ಅದೇ ಯಂತ್ರದಲ್ಲಿ ತೆಳ್ಳಗೆ ಕತ್ತರಿಸಿ, ಅದೇ ಕಂದು ಬಣ್ಣ ಹಾಕಿ, ಗಾಜಿಗೆ ಅಂಟಿಸಿ, ಸಾಲಿನಲ್ಲಿ ತೂರಿಸಿಬಿಡುವುದು. ಅಮ್ಮ ಕಣ್ಣಿಟ್ಟ ಕೂಡಲೇ ಕಿರುಚಬೇಕು. ತಮ್ಮ ಅಪ್ಪಣೆ ಬೇಡುತ್ತೇನೆ.

ಇಂತಿ,
ಗಾಜುಪಟ್ಟಿಗಳ ಆಸ್ಥಾನ ವಿದ್ವಾಂಸ,
ನಿನ್ನ ತಮ್ಮ

*

ಜೂನ್ ೨೯

ಕೋತಿಗೆ,

ಸಾಮಾನಿನ ದೋಣಿ ನಿನ್ನೆ ಬಂತು. ಹಿಟ್ಟು, ಸೀಮೆಎಣ್ಣೆ, ನಿನ್ನ ಕಾಗದ. ಮೂರರಲ್ಲಿ ಕೆಲಸಕ್ಕೆ ಬಾರದ್ದು ಯಾವುದೆಂದು ಹಿರಿಯ ವೀಕ್ಷಕರು ಕೇಳಿದರು, ನಾನು ಹೇಳಲಿಲ್ಲ.

ದ್ವೀಪದಲ್ಲಿ ಹತ್ತು ದಿನದಿಂದ ಮಂಜು. ಹವಾಮಾನ ಕೇಂದ್ರದಿಂದ ಕಡಲೇ ಕಾಣುತ್ತಿಲ್ಲ. ನಿನ್ನ ಕಾಗದ ಓದಿ ನಾನು ಒಬ್ಬಳೇ ನಗುವುದನ್ನು ಕೇಳಿ ಪಕ್ಕದ ಕೋಣೆಯವರು ಬಂದು ನೋಡಿಹೋದರು.

ಮಾಡು. ಅಪ್ಪಣೆ ಕೊಟ್ಟಿದ್ದೇನೆ. ಅಮ್ಮ ನನಗೆ ಬರೆಯುವ ಕಾಗದಗಳು ಚಿಕ್ಕದಾಗುತ್ತಾ ಬರುತ್ತಿವೆ. ಕಳೆದ ಸಲದ್ದು ಬರೀ ನಾಲ್ಕು ಸಾಲು, ಅದೂ ಇಷ್ಟಿಷ್ಟು ದೊಡ್ಡ ಅಕ್ಷರ, ಬೋರ್ಡ್ ಬರೆದ ಹಾಗೆ. ಪುಸ್ತಕದ ಒತ್ತಡ ಇರಬೇಕು. ಒಂದು ಸಲ ಹೊಟ್ಟೆ ತುಂಬ ನಗಲಿ. ಅವಳ ಮುಖ ಹೇಗಾಯಿತೆಂದು ಹುಬ್ಬಿನಿಂದ ಗಲ್ಲದ ತನಕ ಬರಿ. ಬೈದರೆ ನನ್ನ ಹೆಸರು ಹೇಳಬೇಡ.

ನಿನ್ನ ಅಕ್ಕ

*

ಜುಲೈ ೧೨

ಅಕ್ಕ,

ಮಹತ್ಕಾರ್ಯ ನೆರವೇರಿತು. ವರದಿ ಒಪ್ಪಿಸಿಕೊಳ್ಳಬೇಕು.

ಕೋಸನ್ನು ಯಂತ್ರ ಚೆನ್ನಾಗಿಯೇ ಕತ್ತರಿಸಿತು. ಪಟ್ಟಿಗೆ ನಂಬರ್ ಹಾಕಿ, ಅಮ್ಮ ಚಿತ್ರ ಬರೆಯಬೇಕಿದ್ದ ಪಟ್ಟಿಗಳ ಸಾಲಿನ ನಡುವೆ ಇಟ್ಟು, ಬೀರುವಿನ ಹಿಂದೆ ನಿಂತೆ. ಬಾಯಿಗೆ ಟವೆಲ್ ತುರುಕಿಕೊಂಡಿದ್ದೆ.

ಅಮ್ಮ ಕೂತಳು. ಕಣ್ಣಿಟ್ಟಳು. ಗುಂಡಿ ತಿರುಗಿಸಿದಳು. ಹುಬ್ಬಿನಿಂದ ಗಲ್ಲದ ತನಕ ಏನೂ ಆಗಲಿಲ್ಲ. ಪೆನ್ಸಿಲ್ ಓಡತೊಡಗಿತು.

ಸ್ವಲ್ಪ ಹೊತ್ತಾದ ಮೇಲೆ, "ಎಲ್ಲೋ ಇದೀಯ?" ಅಂದಳು.

ಟವೆಲ್ ತೆಗೆದೆ. "ಇಲ್ಲೇ ಅಮ್ಮ."

"ಈ ಪಟ್ಟಿ ಚೆನ್ನಾಗಿ ಕತ್ತರಿಸಿದೀಯ. ಸುಕ್ಕಿಲ್ಲ, ಹರಿದಿಲ್ಲ. ಪರವಾಗಿಲ್ಲ, ಕೈ ಕೂತಿದೆ ನಿಂಗೆ."

ನನ್ನ ಜನ್ಮದಲ್ಲಿ ಅಮ್ಮ ನನ್ನ ಕೆಲಸವನ್ನು ಹೊಗಳಿದ್ದು ಇದೇ ಮೊದಲು. ಹೊಗಳಿದ್ದು ಕೋಸನ್ನು.

ಆಗಲೂ ನಾನು ಇದು ಅವಳದೇ ತಮಾಷೆ ಅಂದುಕೊಂಡೆ, ಈಗ ತಿರುಗಿ ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಆ ದಿನವೆಲ್ಲ ಬರೆದಳು. ಮಾರನೇ ದಿನವೂ ಬರೆದಳು. ಎಷ್ಟು ಚೆಂದದ ಚಿತ್ರ ಗೊತ್ತಾ? ಪಟ್ಟೆಯಿಂದ ಹೊರಟ ಎಳೆ, ನಿಧಾನವಾಗಿ ಬಾಗಿ, ಕವಲೊಡೆದು, ಸರಿಯಾಗಿ ಎರಡು ಚುಕ್ಕೆಗಳ ನಡುವೆ ಬಂದು ನಿಂತಿದೆ. ಬಾಗಿಲಿಗೇ. ಅವಳು ಕೈ ತೊಳೆಯಲು ಎದ್ದಾಗ ಕೊಳವೆಯಲ್ಲಿ ನಾನು ಕಣ್ಣಿಟ್ಟೆ. ಕೋಸಿನಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಗೂಡುಗಳಿರುತ್ತವೆ. ಕೆಲಸಕ್ಕೆ ಸೇರಿದ ಮೊದಲ ದಿನದವನೂ ಇದು ಮಿದುಳಲ್ಲ ಎಂದು ಹೇಳಿಯಾನು. ಅಲ್ಲಿ ಎಳೆ ಇಲ್ಲ, ಚುಕ್ಕೆ ಇಲ್ಲ, ಪಟ್ಟೆ ಇಲ್ಲ. ಬರೀ ಗೋಡೆ.

ಅವಳು ಊಟಕ್ಕೆ ಹೋದಾಗ ಈ ವರ್ಷದ ಹಾಳೆಗಳನ್ನು ತೆಗೆದು, ಒಂದೊಂದರ ಪಟ್ಟಿಯನ್ನೂ ಇಟ್ಟು ನೋಡಿದೆ. ಶುರುವಿನವು ಸರಿಯಾಗಿವೆ, ಎಳೆಗೆ ಎಳೆ ಕೂರುತ್ತದೆ. ಆಮೇಲಿನವುಗಳಲ್ಲಿ ಪಟ್ಟಿಯಲ್ಲಿ ಇಲ್ಲದ ಎಳೆಗಳಿವೆ ಅಕ್ಕ. ಎಲ್ಲವೂ ಅಚ್ಚುಕಟ್ಟಾಗಿ ಬಾಗಿಲಿಗೇ ಬಂದಿವೆ.

ಕೋಸಿನ ಪಟ್ಟಿಯನ್ನು ಕದ್ದು ಅಂಗಿಯ ಜೇಬಿಗೆ ಹಾಕಿಕೊಂಡೆ. ಸಂಜೆ ಅಮ್ಮ ಅದನ್ನೇ ಕೇಳಿದಳು, ಒಂದು ಮೂಲೆ ಇನ್ನೊಮ್ಮೆ ನೋಡಬೇಕಂತೆ. ಒಡೆದುಹೋಯಿತು ಅಂದೆ.

"ಅಯ್ಯೋ, ಅಷ್ಟು ಒಳ್ಳೇ ಪಟ್ಟಿ," ಅಂತ ತುಂಬಾ ನೊಂದುಕೊಂಡಳು.

ಏನು ಮಾಡಲಿ? ಈ ಚಿತ್ರಗಳು ಅಚ್ಚಾದರೆ ಅಲೆಯುತ್ತದೆ ಅನ್ನುವವರು ಒಂದೇ ವಾರದಲ್ಲಿ ಹಿಡಿದುಹಾಕುತ್ತಾರೆ. ಅಮ್ಮನನ್ನು ಸುಳ್ಳುಗಾತಿ ಅನ್ನುತ್ತಾರೆ. ಅವಳು ಸುಳ್ಳು ಬರೆದಿಲ್ಲ. ನಾನು ನೋಡುತ್ತಿದ್ದೆನಲ್ಲ, ಬರೆಯುವಾಗ ಅವಳ ಮುಖ ಅಷ್ಟು ಪ್ರಾಮಾಣಿಕವಾಗಿತ್ತು.

ತಮ್ಮ

*

ಆಗಸ್ಟ್ ೨

ತಮ್ಮಾ,

ದೋಣಿ ತಡವಾಯಿತು. ನಿನ್ನ ಕಾಗದ ಕಡಲ ಮೇಲೆ ಇದ್ದ ಅಷ್ಟೂ ದಿನ ನಾನು ಇಲ್ಲಿ ಅಮ್ಮನ ಕಿರುಚಾಟವನ್ನು ನೆನೆಸಿಕೊಂಡು ನಗುತ್ತಿದ್ದೆ.

ಹೇಳು ಅವಳಿಗೆ. ಓದಿ ಮುಗಿಸಿದ ಕೂಡಲೇ ಹೇಳು. ನಾನೇ ಬರೆದು ಹೇಳೋಣವೆಂದು ಕೂತೆ. ಆಮೇಲೆ ಹೊಳೆಯಿತು, ಅವಳಿಗೆ ಅಷ್ಟು ಕಾಣದಿದ್ದರೆ ನನ್ನ ಕಾಗದವನ್ನು ಯಾರ ಕೈಯಲ್ಲಿ ಓದಿಸುತ್ತಾಳೆ? ನಿನ್ನ ಕೈಯಲ್ಲೇ. ಆ ದೊಡ್ಡ ದೊಡ್ಡ ಅಕ್ಷರ ನೋಡಿಯೂ ನನಗೆ ಒತ್ತಡ ಅನ್ನಿಸಿತು ನೋಡು. ಆಕಾಶ ನೋಡುವುದೇ ನನ್ನ ಕಸುಬು.

ಇಲ್ಲಿ ನಮಗೆ ಒಂದು ಕಟ್ಟುನಿಟ್ಟು ಉಂಟು. ಮೊದಲು ಹೊರಗೆ ಬಂದು ಮೋಡ ನೋಡಿ ಬರೆದುಕೊಳ್ಳಬೇಕು, ಆಮೇಲೆ ಒಳಗೆ ಹೋಗಿ ಯಂತ್ರ ನೋಡಬೇಕು. ತಿರುವುಮುರುವು ಮಾಡಿದರೆ ಯಂತ್ರ ಹೇಳಿದ್ದೇ ಆಕಾಶದಲ್ಲಿ ಕಾಣತೊಡಗುತ್ತದೆ. ಚಳಿಗೆ ಸೋಮಾರಿತನ ಮಾಡಿ ನಾನೂ ಹಾಗೆ ಮಾಡಿ ಬೈಸಿಕೊಂಡಿದ್ದೇನೆ. ಅಮ್ಮನದು ಸೋಮಾರಿತನವಲ್ಲ. ಅವಳಿಗೆ ಹೊರಗೆ ಬರುವ ಬಾಗಿಲೇ ಮುಚ್ಚಿಕೊಂಡಿದೆ, ಒಳಗಿನದನ್ನೇ ಹೊರಗಿನದು ಅಂದುಕೊಂಡಿದ್ದಾಳೆ.

ತಮಾಷೆಯ ದನಿಯಲ್ಲಿ ಹೇಳಬೇಡ. ಅಳುವ ದನಿಯಲ್ಲೂ ಬೇಡ. ನಿನಗೆ ಮೂರನೇ ದನಿ ಇದೆಯೋ ಇಲ್ಲವೋ ನನಗೆ ತಿಳಿಯದು, ಇದ್ದರೆ ಅದರಲ್ಲಿ ಹೇಳು. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನನ್ನ ಜಾಗಕ್ಕೆ ಬೇರೆಯವರು ಬರುವ ತನಕ ನಾನು ಬಿಟ್ಟು ಬರುವ ಹಾಗಿಲ್ಲ.

ಮಾಡು ಅಂದವಳು ನಾನು. ಅದನ್ನೂ ಹೇಳು.

ನಿನ್ನ ಅಕ್ಕ

*

ಆಗಸ್ಟ್ ೧೬

ಶ್ರೀಮತ್ ಅಕ್ಕನವರ ದಿವ್ಯ ಸನ್ನಿಧಿಗೆ,

ಸಮಸ್ತ ಪ್ರಜೆಗಳಿಗೂ ಸಂತೋಷದ ಸಮಾಚಾರ! ಹೇಳಿಬಿಟ್ಟೆ. ಆಮೇಲೇನಾಯಿತು ಕೇಳು.

ಅಮ್ಮ ಪೆನ್ಸಿಲ್ ಚೂಪು ಮಾಡುತ್ತಿದ್ದಳು. ಮೂರನೇ ದನಿಯನ್ನು ಹುಡುಕಿ ತೆಗೆದೆ. "ಅಮ್ಮ, ಆವತ್ತು ಒಡೆದುಹೋಯ್ತು ಅಂದ್ನಲ್ಲ, ಆ ಪಟ್ಟಿ ಒಡೆದಿಲ್ಲ."

"ಮತ್ತೆ?"

"ಅದು ಮಿದುಳೇ ಅಲ್ಲ. ಎಲೆಕೋಸು."

ಅಮ್ಮ ಕನ್ನಡಕ ತೆಗೆದಳು. ಸೆರಗಿನಲ್ಲಿ ಒರೆಸಿದಳು. ಹಾಕಿಕೊಂಡಳು. ಮತ್ತೆ ತೆಗೆದು ಮತ್ತೆ ಒರೆಸಿದಳು. ಆಮೇಲೆ ನಗಲು ಶುರುಮಾಡಿದಳು ನೋಡು, ಪೆನ್ಸಿಲ್ ಪುಡಿಯೆಲ್ಲ ಹಾರಿಹೋಯಿತು.

"ಗೊತ್ತಿತ್ತು ಕಣೋ ಮುಠ್ಠಾಳ!"

"ಗೊತ್ತಿತ್ತಾ?"

"ನಿನ್ನ ಹೆತ್ತವಳು ನಾನು. ನನ್ನ ಹತ್ರಾನೇ ನಿನ್ನ ಆಟವಾ? ಬೀರು ಹಿಂದೆ ಉಸಿರು ಬಿಗಿಹಿಡ್ಕೊಂಡು ನಿಂತಿದ್ದೆಯಲ್ಲ, ಎಷ್ಟು ಹೊತ್ತು ನಿಲ್ತೀಯ ನೋಡೋಣ ಅಂತ ಬರೆದೆ."

"ಎರಡು ದಿನ?"

"ನಿನ್ನಂಥವನಿಗೆ ಒಂದು ದಿನ ಸಾಕಾಗುತ್ತಾ?"

ಹೀಗೆ ಈ ಸೇವಕನು ತಾನು ತೋಡಿದ ಗುಂಡಿಯಲ್ಲಿ ತಾನೇ ಬಿದ್ದು, ಮಣ್ಣು ಕೊಡವಿಕೊಂಡು ಎದ್ದಿರುತ್ತಾನೆ. ಅಮ್ಮನೇ ಗೆದ್ದಳು. ನಾಳೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿಬರುತ್ತಾಳಂತೆ, ಕನ್ನಡಕ ಹಳೆಯದಾಯಿತಂತೆ, ಒಬ್ಬಳೇ ಹೋಗುತ್ತಾಳಂತೆ.

ಬೇರೆ ಚಿತ್ರಗಳ ವಿಷಯ ಕೇಳಿದೆಯಾ ಎಂದು ನೀನು ಕೇಳುತ್ತೀಯ. ಕೇಳಲಿಲ್ಲ. ಅವಳು ನಗುತ್ತಿದ್ದಳಲ್ಲ.

ಇಂತಿ ನಿನ್ನ,
ಸೋತು ಸುಣ್ಣವಾದ ಆಸ್ಥಾನ ವಿದ್ವಾಂಸ

*

ಆಗಸ್ಟ್ ೧೯

ಮಗಳೇ,

ಸಾಲುಗಳು ಒಂದರ ಮೇಲೊಂದು ಹತ್ತಿದ್ದರೆ ಬಿಡಿಸಿಕೊಂಡು ಓದು. ಹಾಳೆಯನ್ನು ಸ್ವಲ್ಪ ಪಕ್ಕಕ್ಕೆ ಹಿಡಿದು ಅಂಚುಗಣ್ಣಿನಲ್ಲಿ ನೋಡಿ ಬರೆಯುತ್ತಿದ್ದೇನೆ. ಅಂಚಿನಲ್ಲಿ ಇನ್ನೂ ಕಾಣುತ್ತದೆ. ನಡುವೆ ಮಾತ್ರ ಯಾರೋ ಹೆಬ್ಬೆರಳಿನಿಂದ ಒರೆಸಿದ ಹಾಗಿದೆ. ಇನ್ನು ಅದು ಸರಿಹೋಗುವುದಿಲ್ಲ, ಇದ್ದಷ್ಟನ್ನು ಉಳಿಸಿಕೊಳ್ಳಬಹುದು ಎಂದರು ಡಾಕ್ಟರು. ಮುಂಚೆಯೇ ಬರಬೇಕಿತ್ತು ಎಂದೂ ಅಂದರು. ಎಲ್ಲ ಡಾಕ್ಟರೂ ಅನ್ನುವ ಮಾತು. ಈ ಸಲ ನಿಜ.

ನಿನ್ನ ತಮ್ಮ ನಿನಗೆ ಬರೆದಿರುತ್ತಾನೆ. ಕೋಸು ಅಂತ ನನಗೆ ಗೊತ್ತಿರಲಿಲ್ಲ. ಅವನು ಹೇಳಿದಾಗ ಅವನ ಮುಖವೂ ನನಗೆ ಕಾಣುತ್ತಿರಲಿಲ್ಲ, ಆದರೆ ದನಿ ಕೇಳಿಸಿತು. ಅವನು ಆ ದನಿಯಲ್ಲಿ ನನ್ನ ಹತ್ತಿರ ಎಂದೂ ಮಾತಾಡಿದವನಲ್ಲ. ಬಾಯಿಗೆ ಬಂದದ್ದನ್ನು ಹೇಳಿ ನಕ್ಕೆ.

ಓದುವುದು ಕಷ್ಟವಾಗುತ್ತಿದೆ ಎಂದು ಗೊತ್ತಿತ್ತು. ಕೊಳವೆಯಲ್ಲಿ ಮಾತ್ರ ಚೆನ್ನಾಗಿ ಕಾಣುತ್ತಿದೆ, ಅಲ್ಲಿ ಬೆಳಕು ಜಾಸ್ತಿ ಅದಕ್ಕೆ, ಎಂದುಕೊಂಡಿದ್ದೆ. ಕಾಣದೆ ಊಹಿಸಿ ಬರೆದಿದ್ದರೆ ನನ್ನನ್ನು ನಾನೇ ಬೈದುಕೊಳ್ಳಬಹುದಿತ್ತು. ಹಾಗಲ್ಲ. ನನಗೆ ಎಳೆಗಳು ಕಾಣುತ್ತಿದ್ದವು ಮಗಳೇ. ಒಂದೊಂದೂ ಸ್ಪಷ್ಟವಾಗಿ, ಗಂಟು ಗಂಟಾಗಿ ಕಾಣುತ್ತಿದ್ದವು. ಅದೇ ಹೆದರಿಕೆ. ಕಣ್ಣು ಕೈಬಿಟ್ಟ ಕಡೆ ತಲೆ ತನಗೆ ಗೊತ್ತಿದ್ದದ್ದನ್ನು ತುಂಬಿಕೊಡುತ್ತಿತ್ತು. ವಾಪಸ್ ಬರುವ ದಾರಿಯ ಬಗ್ಗೆ ಇಷ್ಟು ವರ್ಷ ಕೆಲಸ ಮಾಡಿದವಳಿಗೆ ಅದು ತನ್ನ ತಲೆಯೊಳಗೆ ನಡೆಯುವಾಗ ತಿಳಿಯಲಿಲ್ಲ.

ಹಿಂದಿನವು? ಕಣ್ಣು ಚೆನ್ನಾಗಿದ್ದ ಕಾಲದವು? ಬಾಗಿಲಿಗೇ ಬರುತ್ತದೆ ಎಂದು ಮೊದಲು ಬರೆದಾಗ ನೋಡಿ ಬರೆದೆನೋ, ಬರಲಿ ಎಂದು ಬರೆದೆನೋ? ಬೇರೆಯವರು ಇದನ್ನೇ ಕೇಳಿದಾಗ ನಾನು ಜಗಳಕ್ಕೆ ಹೋಗಿದ್ದೆ.

ಪ್ರಕಾಶಕರಿಗೆ ಫೋನ್ ಮಾಡಿ ಹೇಳಿದ್ದೇನೆ, ಸೆಪ್ಟೆಂಬರಿಗೆ ಆಗುವುದಿಲ್ಲ ಎಂದು. ಈ ವರ್ಷದ ಹಾಳೆಗಳನ್ನು ಹರಿದುಹಾಕುತ್ತೇನೆ. ಅವನ ಕಣ್ಣು, ನನ್ನ ಮಾತು ಇಟ್ಟುಕೊಂಡು ಹೊಸದಾಗಿ ಬರೆಯಬಹುದೋ ಏನೋ. ಅವನಿಗೆ ನಾನು ಹೇಳಿದ ಸುಳ್ಳು ಹಾಗೆಯೇ ಇರಲಿ, ನೀನು ನಿಜ ಹೇಳಬೇಡ. ಕೋಸಿನ ದಿನದಿಂದ ಅವನು ಒಂದೂ ತಮಾಷೆ ಮಾಡಿಲ್ಲ. ಬೆಳಿಗ್ಗೆ ಎದ್ದು ತನ್ನ ತಟ್ಟೆ ತಾನೇ ತೊಳೆದಿಡುತ್ತಾನೆ. ನನಗೆ ಸಹಿಸಲಾಗುತ್ತಿಲ್ಲ.

ಅಮ್ಮ

*

ಸೆಪ್ಟೆಂಬರ್ ೧೦

ಅಮ್ಮಾ,

ಅವನಿಗೆ ಹೇಳುವುದಿಲ್ಲ. ಆದರೆ ಅಪ್ಪಣೆ ಕೊಟ್ಟವಳು ನಾನು ಎಂದು ಅವನು ನಿನಗೆ ಹೇಳಿರಲಾರ. ಬೈಗುಳದಲ್ಲಿ ನನ್ನ ಪಾಲು ಎತ್ತಿಡು.

ದೊಡ್ಡದಾಗಿ ಬರೆದಿದ್ದೇನೆ. ಕಾಣದಿದ್ದರೆ ಓದಿಸಿಕೊಳ್ಳುವುದೂ ಬೇಡ, ಇದರಲ್ಲಿ ಅಂಥದ್ದೇನಿಲ್ಲ. ನನ್ನ ಬದಲಿಯವರು ವರ್ಷದ ಕೊನೆಗೆ ಬರುತ್ತಾರೆ. ಆಮೇಲಿನ ಮೊದಲ ದೋಣಿಯಲ್ಲಿ ನಾನಿರುತ್ತೇನೆ.

ನಿನ್ನ ಮಗಳು

*

ಅಕ್ಟೋಬರ್ ೨೧

ಅಕ್ಕ,

ಬಿರುದು ಬಾವಲಿ ಇಲ್ಲದೆ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ.

ಈಗ ಕೊಳವೆಯಲ್ಲಿ ನಾನು ಕೂರುತ್ತೇನೆ, ಪಕ್ಕದಲ್ಲಿ ಅಮ್ಮ. ಗುಂಡಿಯನ್ನು ಎಷ್ಟು ತಿರುಗಿಸಬೇಕು, ಎಳೆ ಕೆಳಗಿಳಿದು ಮಸುಕಾದಾಗ ಅದನ್ನು ಹೇಗೆ ಕಾಯಬೇಕು, ಎಲ್ಲವನ್ನೂ ನನ್ನ ಮಣಿಕಟ್ಟು ಹಿಡಿದು ಕಲಿಸಿದ್ದಾಳೆ. "ಅವಸರ ಮಾಡ್ಬೇಡ, ಅದೇನು ಬಸ್ಸಾ ಬಿಟ್ಟು ಹೋಗೋಕೆ?" ಅನ್ನುತ್ತಾಳೆ. ಡಾಕ್ಟರು ಕಣ್ಣಿಗೆ ವಿಶ್ರಾಂತಿ ಕೊಡಿ ಎಂದಿದ್ದಾರೆ, ಅದಕ್ಕೇ ನೀನು ಬರಿ, ಎಂದು ನನಗೆ ಹೇಳಿದ್ದಾಳೆ. ಸರಿ ಅಂದೆ.

ಅವಳಿಗೆ ಕೋಸು ಗೊತ್ತಿರಲಿಲ್ಲ ಎಂದು ನನಗೆ ಗೊತ್ತು. ನಿನಗೂ ಗೊತ್ತಿರಬೇಕು, ನೀನು ಮತ್ತೆ ಆ ವಿಷಯವೇ ಎತ್ತಲಿಲ್ಲವಲ್ಲ. ತಮಾಷೆ ನನ್ನ ಕಸುಬು ಅಕ್ಕ. ಮಗನನ್ನು ಏಮಾರಿಸಲು ಯಾರೂ ಎರಡು ದಿನದಲ್ಲಿ ಅಷ್ಟು ಸಲ ಪೆನ್ಸಿಲ್ ಚೂಪು ಮಾಡುವುದಿಲ್ಲ. ಅವಳು "ಗೊತ್ತಿತ್ತು" ಅಂದ ಕ್ಷಣವೇ ನನಗೆ ತಿಳಿಯಿತು. ಆದರೂ ನಂಬಿದವನ ಹಾಗೆ ಕುಣಿದಾಡಿ ನಿನಗೆ ಬರೆದೆ. ಬರೆದರೆ ನಿಜವಾಗುತ್ತದೇನೋ ಎಂದು. ನಾವಿಬ್ಬರೂ ದಿನಾ ಎದುರುಬದುರು ಕೂತು, ಒಬ್ಬರಿಗೊಬ್ಬರು ಏನೂ ಗೊತ್ತಿಲ್ಲದವರ ಹಾಗೆ ಊಟ ಮಾಡುತ್ತೇವೆ.

ನಿನ್ನೆ ಒಂದು ಪಟ್ಟಿ ತೆಗೆದುಕೊಟ್ಟಳು. ಹಳೆಯದು, ಅವಳೇ ಕತ್ತರಿಸಿದ್ದು. ಬಾಗಿಲಿಗೇ ಬರುತ್ತದೆ ಎಂದು ಅವಳು ಮೊದಲ ಸಲ ಬರೆದದ್ದು ಇದನ್ನು ನೋಡಿಯೇ ಅಂತೆ. ಹಳೆಯ ಚಿತ್ರವನ್ನು ನನಗೆ ತೋರಿಸಲಿಲ್ಲ. "ನೀನು ಮೊದಲು ನೋಡು," ಅಂದಳು.

ಎಳೆಯನ್ನು ಹಿಡಿದೆ. ಪಟ್ಟೆಯಿಂದ ಹೊರಟಿತು, ಬಾಗಿತು. ಪೆನ್ಸಿಲ್ ಅದರ ಮೇಲೆ ಓಡಿತು. ಅಮ್ಮನ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ಎರಡು ಚುಕ್ಕೆಗಳ ಹತ್ತಿರ ಬರುವಾಗ ಎಳೆ ಸಣ್ಣದಾಯಿತು, ಕವಲೊಡೆಯಿತು.

"ಬಂತಾ?" ಅಂದಳು. "ಬಾಗಿಲಿಗೆ ಬಂತಾ?"

ಬರಲಿ ಎಂದು ಎಷ್ಟು ಆಸೆಯಾಯಿತು ಗೊತ್ತಾ? ಅಷ್ಟು ಆಸೆಪಟ್ಟಿದ್ದಕ್ಕೋ ಏನೋ, ಬಂತು. ನನಗೆ ನಿಜವಾಗಿ ಕಾಣಿಸಿತು ಅಕ್ಕ. ಎರಡು ಚುಕ್ಕೆಗಳ ನಡುವೆ, ಸಣ್ಣ ಗಂಟುಗಳ ಸಮೇತ. ಬರೆಯಲು ಪೆನ್ಸಿಲ್ ಊರಿದೆ. ಕಣ್ಣು ಮಿಟುಕಿಸಿ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ, ಇಲ್ಲ. ಒಂದು ಕವಲು ಚುಕ್ಕೆಯನ್ನು ದಾಟಿ ಆಚೆ ಹೋಗಿತ್ತು. ಇನ್ನೊಂದು ಎಲ್ಲಿ ಹೋಯಿತೆಂದು ತಿಳಿಯದು.

ಹೌದು ಅಂದಿದ್ದರೆ ಅವಳು ಒಪ್ಪಿಕೊಳ್ಳುತ್ತಿದ್ದಳು. ಅವಳಿಗೆ ನೋಡಿ ತಿಳಿಯುವ ದಾರಿಯಿಲ್ಲ. ಜೀವಮಾನವಿಡೀ ಎಷ್ಟು ಜನರಿಗೆ ಎಷ್ಟು ಸುಳ್ಳು ಹೇಳಿ ನಗಿಸಿದ್ದೇನೆ, ಬೇಕಾಗಿದ್ದ ಒಂದೇ ಒಂದು ಸುಳ್ಳು ಬಾಯಿಗೆ ಬರಲಿಲ್ಲ.

"ಇಲ್ಲಮ್ಮ," ಅಂದೆ. "ಹರಡ್ಕೊಂಡು ಹೋಯ್ತು."

ಹೊರಗೆ ಯಾರೋ ನೀರಿನ ನಲ್ಲಿ ತಿರುಗಿಸಿದ ಸದ್ದು ಬಂತು, ನಿಂತಿತು.

"ಎಲ್ಲಿ ತನಕ ಕಂಡಿತೋ ಅಲ್ಲಿ ತನಕ ಬರಿ," ಅಂದಳು.

"ಆಮೇಲೆ?"

"ಆಮೇಲೆ ಖಾಲಿ ಬಿಡು."

ಬಿಟ್ಟೆ.

"ಖಾಲಿ ಎಷ್ಟಾಯ್ತೋ?"

"ನಿನ್ನ ಅಂಗೈಯಷ್ಟು."

ತಡಕಿಕೊಂಡು ಕೈ ಚಾಚಿದಳು. ಹಾಳೆಯ ಮೇಲೆ ಆ ಜಾಗ ಎಲ್ಲಿದೆ ಎಂದು ಸಿಗಲಿಲ್ಲ ಅವಳಿಗೆ. ನಾನೇ ಅವಳ ಕೈ ಹಿಡಿದು ಅದರ ಮೇಲೆ ಇಟ್ಟೆ. ಹಾಗೆಯೇ ಇಟ್ಟುಕೊಂಡಿದ್ದಳು. ಅವಳನ್ನು ನಗಿಸಲು ಏನಾದರೂ ಹೇಳಬೇಕಿತ್ತು ಅಕ್ಕ. ಏನೂ ಹೊಳೆಯಲಿಲ್ಲ.

ನಿನ್ನ ತಮ್ಮ